ಐವಿ ಹುಟ್ಟಿದ ದಿನ

ಅಕ್ಟೋಬರಿನ ಒಂದು ಶನಿವಾರ ಬೆಳಿಗ್ಗೆ ಚಳಿಗಾಲದ ಬಟ್ಟೆಗಳ ಪೆಟ್ಟಿಗೆಯನ್ನು ಅಡುಗೆಮನೆಯ ನೆಲದ ಮೇಲೆ ಸುರುವಿಕೊಂಡು ಕೂತಿದ್ದೆ. ಮೊದಲ ಹಿಮ ಬೀಳುವುದರೊಳಗೆ ಪ್ರತಿ ವರ್ಷ ಮಾಡುವ ಕೆಲಸ ಇದು. ಮಗಳು ಬ್ರಿಟ್ಟಾಗೆ ಇನ್ನೂ ಆಗುವಂಥವು ಒಂದು ಕಡೆ, ಗಿಡ್ಡವಾದವು ಚರ್ಚಿನ ಹಳೇ ಬಟ್ಟೆಗಳ ಮಾರಾಟಕ್ಕೆ, ತೂತು ಬಿದ್ದವು ಕುದುರೆ ಲಾಯಕ್ಕೆ, ಗೊರಸು ಒರೆಸಲು. ಒಂಬತ್ತು ವರ್ಷದ ಹುಡುಗಿ ಒಂದೇ ಬೇಸಿಗೆಯಲ್ಲಿ ಎಷ್ಟು ಉದ್ದ ಬೆಳೆದುಬಿಡುತ್ತಾಳೆ ಎಂದು ತೋಳುಗಳನ್ನು ಅಳೆಯುತ್ತ ಕೂತಿದ್ದೆ.

ಪೆಟ್ಟಿಗೆಯ ತಳದಲ್ಲಿ ಹಳದಿ ಸ್ವೆಟರ್ ಸಿಕ್ಕಿತು. ನನ್ನ ಚಿಕ್ಕಮ್ಮ ಹೆಣೆದು ಕೊಟ್ಟದ್ದು. ಬಲತೋಳಿನ ಅಂಚಿನಲ್ಲಿ ಹೆಬ್ಬೆರಳಿನಷ್ಟು ಅಗಲದ ಕಂದು ಕಲೆ ಹಾಗೇ ಇತ್ತು. ಸಾಬೂನು ಹಾಕಿ ತಿಕ್ಕಿದ್ದೆ, ಸೋಡಾ ಹಾಕಿ ನೆನೆಸಿದ್ದೆ, ಬಿಸಿಲಿಗೆ ಹರಡಿದ್ದೆ. ಅಯೋಡಿನ್ ಕಲೆ, ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಕಲೆ ಒಳಗೆ ಬರುವ ಹಾಗೆ ಮಡಿಸಿ, ಚರ್ಚಿಗೆ ಕೊಡುವ ಬಟ್ಟೆಗಳ ಅಡಿಗೆ ತಳ್ಳಿದೆ. ಅಷ್ಟರಲ್ಲಿ ಅಂಗಳದಲ್ಲಿ ಗಾಡಿ ಬಂದು ನಿಂತ ಸದ್ದಾಯಿತು.

ವಾಂಡಾ. ಹತ್ತು ಗಂಟೆಗೆ ಬರಬೇಕಾದವಳು, ಇನ್ನೂ ಎಂಟಾಗಿರಲಿಲ್ಲ.

"ಕೊರಿನ್! ಮಧ್ಯಾಹ್ನಕ್ಕೇ ಮಳೆಯಂತೆ, ರೇಡಿಯೋದಲ್ಲಿ ಹೇಳಿದ್ರು. ಅದಕ್ಕೇ ಬೇಗ ಬಂದ್ಬಿಟ್ಟೆ. ಬಟ್ಟೆ ಗಿಟ್ಟೆ ಆಮೇಲೆ ಮಡಿಸ್ಕೋ ಹೋಗು. ಕುದುರೆ ತೊಳ್ದಿದ್ದೀರಾ?"

"ಇಲ್ಲ ವಾಂಡಾ. ಕುದುರೆನೂ ತೊಳ್ದಿಲ್ಲ, ನಾನಿನ್ನೂ ತಲೆನೂ ಬಾಚಿಲ್ಲ."

"ನಿನ್ನ ಫೋಟೋ ಯಾರು ಕೇಳಿದ್ರು ತಾಯಿ?" ಎಂದು ಅವಳು ಕ್ಯಾಮೆರಾ ಚೀಲ ಇಳಿಸಿದಳು.

ಮೂವತ್ತು ವರ್ಷದಿಂದ ವಿಸ್ಕಾನ್ಸಿನ್ನಿನ ನಮ್ಮ ಈ ಕಣಿವೆಗಳಲ್ಲಿ ಗಾಡಿ ಎಳೆಯುವ ದೊಡ್ಡ ಕುದುರೆಗಳ ಫೋಟೋ ತೆಗೆಯುವುದು ವಾಂಡಾಳ ಕೆಲಸ. ಫೋಟೋ ಜೊತೆಗೆ ರಾಷ್ಟ್ರ ಪ್ರಶಸ್ತಿಯ ಅರ್ಜಿಗಳನ್ನೂ ಅವಳೇ ಮನೆಮನೆಯಿಂದ ಕೂಡಿಸಿ ಒಂದೇ ಲಕೋಟೆಯಲ್ಲಿ ಕಳಿಸುತ್ತಾಳೆ. ಆ ಶನಿವಾರ ಮಧ್ಯಾಹ್ನ ಅಂಚೆ ಕಚೇರಿ ಬಾಗಿಲು ಹಾಕುವುದರೊಳಗೆ ಲಕೋಟೆ ಹೋಗದಿದ್ದರೆ ಈ ವರ್ಷದ ಪ್ರಶಸ್ತಿಗೆ ಹೆಸರು ಕೊಟ್ಟ ಹಾಗಲ್ಲ.

ನನ್ನ ಮಾವ ಸೆಲ್ಮರ್ ಹಾಗರುಡ್ ಗಾಡಿಯ ಸದ್ದಿಗೆ ಲಾಯದಿಂದ ಹೊರಗೆ ಬಂದರು. ಎಪ್ಪತ್ತೆಂಟು ವರ್ಷ. ಎತ್ತರದ ಆಳು, ಈಗ ಸ್ವಲ್ಪ ಮುಂದಕ್ಕೆ ಬಾಗಿದ್ದಾರೆ. ಎರಡೂ ಕೈಗಳನ್ನು ಜೇಬಿನಲ್ಲಿ ಇಟ್ಟುಕೊಂಡೇ ಬಂದರು. ಕೈ ನಡುಗುವ ಕಾಯಿಲೆ ಎಂದು ಡಾಕ್ಟರು ಹೇಳಿ ಆಗ ಹತ್ತಿರ ಹತ್ತಿರ ವರ್ಷವಾಗಿತ್ತು. ಅವತ್ತಿನಿಂದ ಜನರೆದುರು ಅವರು ಕೈ ಹೊರಗೆ ತೆಗೆಯುವುದು ಕಡಿಮೆ.

"ಎರಡು ಗಂಟೆ ಮೊದ್ಲೇ ಬಂದಿದ್ದೀಯ," ಎಂದರು.

"ನಿನ್ನ ಮುಖ ನೋಡ್ದೆ ಇರಕ್ಕಾಗ್ಲಿಲ್ಲ ಸೆಲ್ಮರ್," ಎಂದಳು ವಾಂಡಾ. "ಮಾತು ಸಾಕು, ಬಕೆಟ್ ತೆಗಿ."

ಮಾವನ ಲಾಯದ ಗೋಡೆಯ ಮೇಲೆ ಐವತ್ತು ವರ್ಷದ ರಿಬ್ಬನ್ನುಗಳಿವೆ. ಕೆಂಪು ಎಂದರೆ ಎರಡನೆಯದು, ಬಿಳಿ ಎಂದರೆ ಮೂರನೆಯದು. ಆ ಗೋಡೆ ಬಹುಪಾಲು ಕೆಂಪು, ಬಿಳಿ. ಮೊದಲನೆಯದಕ್ಕೆ ಕೊಡುವ ನೀಲಿ ಅಲ್ಲೊಂದು ಇಲ್ಲೊಂದು, ಅದೂ ನಮ್ಮ ಜಿಲ್ಲೆಯ ಚಿಕ್ಕ ಪ್ರದರ್ಶನಗಳದ್ದು. ರಾಷ್ಟ್ರ ಪ್ರಶಸ್ತಿಗೆ ಹೆಸರು ಕೊಡಬೇಕಾದರೆ ತಳಿ ಸಂಘದವರ ಪಟ್ಟಿಯಲ್ಲಿರುವ ದೊಡ್ಡ ಪ್ರದರ್ಶನದಲ್ಲಿ ಮೊದಲನೆಯದಾಗಿ ಬಂದಿರಬೇಕು, ಎರಡನೆಯದು ಬಂದರೆ ಇಲ್ಲ. ಆಮೇಲೆ ಅರ್ಜಿ, ಫೋಟೋ. ಕುದುರೆಯನ್ನು ಕಣ್ಣಲ್ಲಿ ಕಾಣದ ಐದು ಜನ ತೀರ್ಪುಗಾರರು ಎಲ್ಲೆಲ್ಲೋ ಕೂತು ಆ ಫೋಟೋ ನೋಡಿ ಅಂಕ ಹಾಕುತ್ತಾರೆ. ಗೆದ್ದವುಗಳ ಚಿತ್ರ ಜನವರಿಯ ಪತ್ರಿಕೆಯಲ್ಲಿ ಪುಟದ ತುಂಬ ಬರುತ್ತದೆ. ಆ ಜನವರಿ ಸಂಚಿಕೆಗಳನ್ನೆಲ್ಲ ಮಾವ ಮಂಚದ ಕೆಳಗೆ ಜೋಡಿಸಿ ಇಟ್ಟಿದ್ದಾರೆ. ತಮ್ಮ ಲಾಯದಲ್ಲೇ ಹುಟ್ಟಿದ ಕುದುರೆ ಒಂದು ಸಲವಾದರೂ ಅದರಲ್ಲಿ ಬರಬೇಕು ಎಂಬುದು ಅವರ ಆಸೆ. ಬಾಯಿಬಿಟ್ಟು ಹೇಳಿದವರಲ್ಲ. ಆದರೆ ಮದುವೆಯಾಗಿ ಈ ಮನೆಗೆ ಬಂದು ಹದಿಮೂರು ವರ್ಷವಾದ ನನಗೆ ಹೇಳಬೇಕಾಗಿಯೂ ಇರಲಿಲ್ಲ.

ಈ ವರ್ಷ ಐವಿ ಮೊದಲು ಬಂದಿತ್ತು. ಆಗಸ್ಟಿನಲ್ಲಿ ರಾಜ್ಯದ ಮೇಳದಲ್ಲಿ, ಮತ್ತೆ ಸೆಪ್ಟೆಂಬರಿನಲ್ಲಿ ಇನ್ನೊಂದು ಕಡೆ. ವರ್ಷ ತುಂಬದ ಹೆಣ್ಣುಮರಿಗಳ ಸಾಲಿನಲ್ಲಿ ಎರಡೂ ಸಲ ಅದೇ ಮುಂದೆ, ನಮ್ಮ ಪಕ್ಕದ ದಿಣ್ಣೆಯ ಕೆಸೆನಿಕ್ ಮನೆಯವರ ಮರಿ ಎರಡೂ ಸಲ ಎರಡನೆಯದು. ಮುಂದಿನ ವಸಂತದಲ್ಲಿ ಮಾವ ಕುದುರೆಗಳನ್ನೆಲ್ಲ ಮಾರಿಬಿಡುವುದು ಎಂದು ಆಗಲೇ ಮಾತಾಗಿತ್ತು. ಹಾಗಾಗಿ ಇದೇ ಕೊನೆಯ ಸಲ.

ಬ್ರಿಟ್ಟಾ ಎದ್ದು ಬಂದಳು. ರಾತ್ರಿಯ ಜಡೆ ಬಿಚ್ಚಿಹೋಗಿತ್ತು. ಐವಿಯನ್ನು ತೊಳೆಯಲು ಅಜ್ಜನ ಜೊತೆ ಅವಳೇ ನಿಂತಳು. ನಾನು ಬಿಸಿನೀರು ಹೊತ್ತು ಹೊತ್ತು ಹಾಕಿದೆ.

ಒಂಬತ್ತು ತಿಂಗಳ ಮರಿ ಎಂದರೆ ಚಿಕ್ಕದೆಂದು ತಿಳಿಯಬಾರದು. ಐವಿಯ ಬೆನ್ನು ಆಗಲೇ ನನ್ನ ಗಲ್ಲದವರೆಗೆ ಬರುತ್ತಿತ್ತು. ಮೈಯೆಲ್ಲ ಕಪ್ಪು, ಹಣೆಯ ಮೇಲೆ ಮಾತ್ರ ನಾಲ್ಕು ಬಿಳಿ ಕೂದಲು. ಯಾರು ಕರೆದರೂ ತಿರುಗುತ್ತಿರಲಿಲ್ಲ, ಬ್ರಿಟ್ಟಾ ಒಬ್ಬಳನ್ನು ಬಿಟ್ಟು. ಅವಳು ನಾಲಿಗೆಯಿಂದ ಎರಡು ಸಲ ಲೊಟಕೆ ಹಾಕಿದರೆ ಸಾಕು, ಹೊಲದ ಆಚೆ ತುದಿಯಲ್ಲಿದ್ದರೂ ಕಿವಿ ನಿಮಿರಿಸಿ ಓಡಿಬರುತ್ತಿತ್ತು.

ಆ ಬಂಧ ಹೇಗೆ ಬೆಳೆಯಿತು ಎಂದು ಪ್ರದರ್ಶನಗಳಲ್ಲಿ ಯಾರಾದರೂ ಕೇಳಿದರೆ ಮಾವ, "ಹುಟ್ಟಿದಾಗಿಂದ ಇವ್ಳೇ ನೋಡ್ಕೊಂಡಿದ್ದು," ಎನ್ನುತ್ತಿದ್ದರು. ಅದು ನಿಜ. ಅದು ಎಷ್ಟು ನಿಜ ಎಂಬುದೇ ತೊಂದರೆಯಾಗಿತ್ತು.

ನಮ್ಮ ಕುದುರೆಗಳಿಗೆಲ್ಲ ಹುಟ್ಟುಹಬ್ಬ ಒಂದೇ ದಿನ. ಯಾವ ತಿಂಗಳು ಹುಟ್ಟಿದರೂ ಜನವರಿ ಒಂದಕ್ಕೆ ಒಂದು ವರ್ಷ ಕೂಡುತ್ತದೆ ಎಂದು ಸಂಘದವರ ಲೆಕ್ಕ. ಅದಕ್ಕೇ ಎಲ್ಲರಿಗೂ ಜನವರಿಯ ಮರಿ ಬೇಕು. ಆಗ ಬೇಸಿಗೆಯ ಹೊತ್ತಿಗೆ ಅದೇ ಸಾಲಿನಲ್ಲಿ ದೊಡ್ಡದಾಗಿ ಕಾಣುತ್ತದೆ. ಡಿಸೆಂಬರಿನ ಮರಿ ಮಾತ್ರ ಯಾರಿಗೂ ಬೇಡ. ಡಿಸೆಂಬರ್ ಮೂವತ್ತೊಂದಕ್ಕೆ ಹುಟ್ಟಿದ ಮರಿಗೆ ಮಾರನೆಯ ಬೆಳಿಗ್ಗೆಯೇ ಕಾಗದದ ಮೇಲೆ ಒಂದು ವರ್ಷ. ಅದು ತನಗಿಂತ ನಿಜವಾಗಿಯೂ ಒಂದು ವರ್ಷ ದೊಡ್ಡವುಗಳ ಜೊತೆ ನಿಲ್ಲಬೇಕು. ಎಷ್ಟು ಚೆಂದದ ಮರಿಯಾದರೂ ಅಲ್ಲಿಗೆ ಮುಗಿಯಿತು.

ಮಾವನಿಗೆ ಜನವರಿಯ ಮೊದಲ ವಾರವೇ ಬೇಕಿತ್ತು. ಅದಕ್ಕಾಗಿ ಅದರ ಹಿಂದಿನ ಚಳಿಗಾಲದಲ್ಲಿ ತಾಯಿಕುದುರೆ ಮಾರ್ತಾಳ ಕೊಟ್ಟಿಗೆಯಲ್ಲಿ ದಿನಾ ಕತ್ತಲಾದ ಮೇಲೂ ದೀಪ ಉರಿಸಿ, ವಸಂತ ಬಂತು ಎಂದು ಅದಕ್ಕೆ ನಂಬಿಸಿ, ಜನವರಿಯ ಕೊನೆಗೇ ಗಂಡುಕುದುರೆಗೆ ಬಿಟ್ಟಿದ್ದರು. ಬೆರಳು ಮಡಿಸಿ ಎಣಿಸಿದ್ದರು, ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದರು. ಜನವರಿ ಐದು ಎಂದಿದ್ದರು. ಮಾರ್ತಾ ಯಾವಾಗಲೂ ದಿನ ತುಂಬಿದ ಮೇಲೂ ವಾರ ಕಾಯಿಸುವವಳು. ಆ ಸಲ ಕಾಯಲಿಲ್ಲ.

ಡಿಸೆಂಬರ್ ಮೂವತ್ತೊಂದರ ಬೆಳಿಗ್ಗೆ ನಾನು ಚರ್ಚಿನಲ್ಲಿದ್ದೆ. ಊರಿನ ಹಿರಿಯರೊಬ್ಬರ ಶವಸಂಸ್ಕಾರ. ಬಂದವರಿಗೆ ಊಟ ಬಡಿಸುವ ಸರದಿ ನಮ್ಮದು. ನನ್ನ ಗಂಡ ಲೈಲ್ ಹಾಲಿನ ಟ್ರಕ್ಕು ಓಡಿಸುತ್ತಾರೆ, ಅವರೂ ಮನೆಯಲ್ಲಿರಲಿಲ್ಲ. ಮಧ್ಯಾಹ್ನ ಎರಡಕ್ಕೆ ನಾನು ಬಂದಾಗ ಮಾವ ಲಾಯದ ಬಾಗಿಲಲ್ಲೇ ನಿಂತಿದ್ದರು. "ಮಾರ್ತಾ ಯಾಕೋ ಸಿಡಿಸಿಡಿ ಅಂತಿದಾಳೆ, ಈಗ ಒಳಗೆ ಹೋಗ್ಬೇಡ ಕಣಮ್ಮ," ಎಂದರು. ಬ್ರಿಟ್ಟಾಳ ಕೂದಲಲ್ಲಿ ಹುಲ್ಲಿತ್ತು. ಕೆನ್ನೆ ಕೆಂಪಾಗಿತ್ತು. ಊಟಕ್ಕೆ ಕೂತವಳು ಊಟ ಮಾಡಲಿಲ್ಲ. ಏನೋ ನುಂಗಿಕೊಂಡಿರುವ ಹಾಗೆ ತುಟಿ ಬಿಗಿಹಿಡಿದು ನನ್ನನ್ನೇ ನೋಡಿ ನೋಡಿ ನಗುತ್ತಿದ್ದಳು. ಸ್ವೆಟರ್ ಬಿಚ್ಚಿಸಿದೆ. ತೋಳಿನ ಮೇಲೆ ಅಯೋಡಿನ್.

ಮರಿ ಹುಟ್ಟಿದ ಕೂಡಲೇ ಅದರ ಹೊಕ್ಕಳಿಗೆ ಅಯೋಡಿನ್ ಹಚ್ಚುತ್ತೇವೆ. ನಮ್ಮ ಮನೆಯಲ್ಲಿ ಆ ಸೀಸೆಗೆ ಬೇರೆ ಕೆಲಸವಿಲ್ಲ.

ನಾನು ಏನೂ ಕೇಳಲಿಲ್ಲ. ಸಂಜೆ ಅಡುಗೆಗೆ ಮೊದಲೇ ಸ್ವೆಟರನ್ನು ತಿಕ್ಕಿ ತೊಳೆದು ಒಲೆಯ ಪಕ್ಕ ಒಣಗಿಹಾಕಿದೆ. ಮಾರನೆಯ ದಿನ, ಹೊಸವರ್ಷದ ಬೆಳಿಗ್ಗೆ, ಮಾವ ಅಡುಗೆಮನೆಗೆ ಬಂದು, "ಐದು ಗಂಟೆಗೆ ಹಾಕಿದ್ಲು! ಹೆಣ್ಣು!" ಎಂದು ಕೂಗಿದರು. ನಾವೆಲ್ಲ ಲಾಯಕ್ಕೆ ಓಡಿದೆವು. ಮರಿ ಮೈ ಒಣಗಿ ಹತ್ತಿಯ ಹಾಗೆ ಉಬ್ಬಿತ್ತು. ತಾಯಿಯ ಸುತ್ತ ನೆಗೆಯುತ್ತಿತ್ತು. ಹೊಕ್ಕಳ ಬಳ್ಳಿ ಒಣಗಿ ಕಪ್ಪಾಗಿತ್ತು. ಒಂದು ಹೆತ್ತವಳು ನಾನು, ಈ ಮನೆಯಲ್ಲಿ ನಲವತ್ತು ಮರಿ ಹುಟ್ಟಿದ್ದನ್ನು ನೋಡಿದವಳು. ಎರಡು ತಾಸಿನ ಮರಿ ಹೇಗಿರುತ್ತದೆ, ಒಂದು ದಿನದ ಮರಿ ಹೇಗಿರುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮಾವ ನನ್ನ ಮುಖ ನೋಡಿದರು. ಡಾಕ್ಟರ ಹತ್ತಿರ ಹೋಗಿ ಬಂದು ಆಗಿನ್ನೂ ಆರು ವಾರ. ಆ ಆರು ವಾರದಲ್ಲಿ ಅವರ ಮುಖದ ಮೇಲೆ ಅಂಥ ಬೆಳಕನ್ನು ನಾನು ಕಂಡಿರಲಿಲ್ಲ.

"ಎಷ್ಟು ಚೆನ್ನಾಗಿದೆ ಮಾವ," ಎಂದೆ.

ಅಷ್ಟೇ ಅಂದದ್ದು. ಬೆಳಿಗ್ಗೆ ಹತ್ತೂವರೆಗೋ ಹನ್ನೊಂದಕ್ಕೋ ಹುಟ್ಟಿದ್ದಿರಬೇಕು. ರಾತ್ರಿ ಹನ್ನೆರಡಕ್ಕೆ ಹದಿಮೂರು ತಾಸು. ಹದಿಮೂರು ತಾಸಿನಲ್ಲಿ ಯಾರ ಗಂಟು ಹೋಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಆ ವಾರ ಮಾವನ ಕೈ ಬರೆಯುವ ಸ್ಥಿತಿಯಲ್ಲಿರಲಿಲ್ಲ. ಐವಿಯ ನೋಂದಣಿ ಕಾಗದದಲ್ಲಿ ಜನವರಿ ಒಂದು ಎಂದು ಬರೆದದ್ದು ನನ್ನ ಕೈ.

ಆಮೇಲೆ ವರ್ಷಪೂರ್ತಿ ಬ್ರಿಟ್ಟಾ ನನ್ನ ಹಿಂದೆ ಹಿಂದೆ ಸುತ್ತಿದಳು. ಪಾತ್ರೆ ಒರೆಸುತ್ತ, "ಅಮ್ಮಾ, ಕುದುರೆಗೆ ಅದು ಹುಟ್ಟಿದ ದಿನ ನೆನಪಿರುತ್ತಾ?" ಎನ್ನುವಳು. ಕೋಳಿಗೂಡಿನಲ್ಲಿ, "ಗುಟ್ಟು ಅಂದ್ರೆ ಎಷ್ಟು ದಿನ ಇಟ್ಕೋಬೇಕು?" ಎನ್ನುವಳು. ನಾನು, "ಆ ಬುಟ್ಟಿ ಹಿಡ್ಕೋ ಪುಟ್ಟಿ, ಮೊಟ್ಟೆ ಬೀಳತ್ತೆ," ಎನ್ನುವೆ. ಸೆಪ್ಟೆಂಬರಿನ ಪ್ರದರ್ಶನದಲ್ಲಿ ಕೆಸೆನಿಕ್ ಮನೆಯ ಹುಡುಗಿ ಟ್ರೂಡಿ, ಹನ್ನೆರಡು ವರ್ಷದವಳು, ಕೆಂಪು ರಿಬ್ಬನ್ ಕೈಯಲ್ಲಿ ಹಿಡಿದುಕೊಂಡೇ ಬಂದು ಬ್ರಿಟ್ಟಾಳ ಭುಜ ಹಿಡಿದು, "ಸೋಲೋದಾದ್ರೆ ನಿಮ್ಮ ಐವಿಗೇ ಸೋಲ್ಬೇಕು ಬಿಡು," ಎಂದಳು. ಹಗ್ಗ ಹಿಡಿದು ಕುದುರೆ ಓಡಿಸುವುದನ್ನು ಬ್ರಿಟ್ಟಾಗೆ ಹೇಳಿಕೊಟ್ಟವಳೇ ಆ ಟ್ರೂಡಿ. ಅವತ್ತು ಮನೆಗೆ ಬಂದು ನಮ್ಮ ಹುಡುಗಿ ನೀಲಿ ರಿಬ್ಬನ್ನನ್ನು ತನ್ನ ಕೋಣೆಗೆ ಒಯ್ಯಲಿಲ್ಲ. ಓಟ್ಸ್ ತುಂಬುವ ಡಬ್ಬದೊಳಗೆ ಅದು ಎರಡು ದಿನದ ಮೇಲೆ ನನಗೆ ಸಿಕ್ಕಿತು.

ನನಗೆ ತಾಳ್ಮೆ ಜಾಸ್ತಿ ಎಂದು ಎಲ್ಲರೂ ಹೇಳುತ್ತಾರೆ. ಆ ವರ್ಷ ನಾನು ಮಾಡಿದ್ದು ತಾಳ್ಮೆಯಲ್ಲ.

ಈಗ ಐವಿಯ ಕಾಲಿಗೆ ನೀರು ಹಾಕಿ ಬಕೆಟ್ ಕೆಳಗಿಡುವಾಗ, ಕುದುರೆಯ ಆಚೆ ಬದಿಯಿಂದ ಬ್ರಿಟ್ಟಾಳ ಮಾತು ಕೇಳಿಸಿತು. ನಾನು ಇರುವುದು ಅವಳಿಗೆ ಕಾಣುತ್ತಿರಲಿಲ್ಲ.

"ಅಜ್ಜ, ಗುಟ್ಟು ಇವತ್ತಿಗೆ ಮುಗೀತಾ?"

"ಯಾವ ಗುಟ್ಟು ಮರಿ?"

"ಅದೇ. ಐವಿ ಹುಟ್ಟಿದಾಗ ನೀನು, ನಾಳೆ ಬೆಳಿಗ್ಗೆ ತನಕ ಯಾರ್ಗೂ ಹೇಳ್ಬೇಡ ಅಂದಿದ್ಯಲ್ಲ. ಆಮೇಲೆ ನೀನು ಹೇಳ್ತೀಯ ಅಂದ್ಕೊಂಡಿದ್ದೆ."

ಮಾವನ ಬ್ರಷ್ಷು ಸರಸರ ಓಡುತ್ತಿತ್ತು. ಆಮೇಲೆ, "ಆ ಟವೆಲ್ ಕೊಡು ಇಲ್ಲಿ. ಬೆನ್ನು ಒದ್ದೆ ಇದ್ರೆ ಫೋಟೋದಲ್ಲಿ ಕಾಣತ್ತೆ," ಎಂದರು.

ಬ್ರಿಟ್ಟಾ ಟವೆಲ್ ಕೊಟ್ಟಳು.

ಲಾಯದ ಹಿಂದೆ ಒಂದು ಸಣ್ಣ ದಿಬ್ಬವಿದೆ. ಅಲ್ಲಿ ಮುಂಗಾಲು ಸ್ವಲ್ಪ ಮೇಲಿಟ್ಟು ನಿಲ್ಲಿಸಿದರೆ ಕುದುರೆ ಎದೆಯೆತ್ತಿ ನಿಂತ ಹಾಗೆ ಕಾಣುತ್ತದೆ. ಹಿಂದೆ ಮೇಪಲ್ ಮರಗಳು ಕೆಂಪಾಗಿದ್ದವು. ಬಾಲಕ್ಕೆ ನೀಲಿ ರಿಬ್ಬನ್ ಕಟ್ಟಿದ್ದಾಯಿತು. ಮಾವ ಹಗ್ಗ ಹಿಡಿಯಲು ಹೋದರು. ಹಗ್ಗದ ತುದಿ ನೋಡುತ್ತಿದ್ದ ಹಾಗೇ ಅಲುಗತೊಡಗಿತು.

ವಾಂಡಾ ಕ್ಯಾಮೆರಾದಿಂದ ತಲೆ ಎತ್ತಿದಳು. "ಸೆಲ್ಮರ್, ಆ ಟೋಪಿ ಹಾಕ್ಕೊಂಡು ನನ್ನ ಫೋಟೋದಲ್ಲಿ ನಿಂತ್ಕೋಬೇಡ. ತೀರ್ಪುಗಾರ್ರು ಕುದುರೆ ಬಿಟ್ಟು ಟೋಪಿಗೆ ಅಂಕ ಕಡಿಮೆ ಮಾಡ್ತಾರೆ. ಕೊರಿನ್ ಹಿಡೀಲಿ."

"ಟೋಪಿಗೇನಾಗಿದೆ?"

"ನಿನ್ನ ಹೆಂಡ್ತಿ ಇದ್ದಿದ್ರೆ ಅದನ್ನ ಇಷ್ಟೊತ್ತಿಗೆ ಸುಟ್ಟಿರೋಳು. ಆ ಕಡೆ ನಿಂತ್ಕೋ."

ಮಾವ ಹಗ್ಗವನ್ನು ನನಗೆ ಕೊಟ್ಟರು. ವಾಂಡಾ ಯಾಕೆ ಹಾಗಂದಳೆಂದು ಅವರಿಗೂ ಗೊತ್ತು, ನನಗೂ ಗೊತ್ತು. ನಾನು ಐವಿಯ ಮುಂದೆ ನಿಂತು ತಲೆ ಎತ್ತಿ ಹಿಡಿದೆ. ನಾಲ್ಕೂ ಕಾಲು ಸರಿಯಾಗಿ ನಿಂತವು. ಕಿವಿ ಮಾತ್ರ ಎರಡೂ ಪಕ್ಕಕ್ಕೆ ಜೋತುಬಿದ್ದಿದ್ದವು.

"ಈಗ ಕಿವಿ," ಎಂದಳು ವಾಂಡಾ. "ಬ್ರಿಟ್ಟಾ, ಬಾ ಇಲ್ಲಿ ನನ್ನ ಹಿಂದೆ. ಲೊಟಕೆ ಹಾಕು ನೋಡೋಣ."

ಬ್ರಿಟ್ಟಾ ಹೋಗಿ ಅವಳ ಹಿಂದೆ ನಿಂತಳು. ಕೈ ಕಟ್ಟಿಕೊಂಡಳು. ಬಾಯಿ ತೆರೆಯಲಿಲ್ಲ.

"ಹೂಂ, ಹಾಕಮ್ಮ."

ಇಲ್ಲ.

ವಾಂಡಾ ಛತ್ರಿ ಬಿಚ್ಚಿ ಮುಚ್ಚಿದಳು. ಚಾಕಲೇಟ್ ಕಾಗದ ಪರಪರ ಅನ್ನಿಸಿದಳು. ತನ್ನ ಕೈಗನ್ನಡಿಯಿಂದ ಬಿಸಿಲನ್ನು ಹುಲ್ಲಿನ ಮೇಲೆ ಕುಣಿಸಿದಳು. ಮಾವ ಓಟ್ಸಿನ ಬಕೆಟ್ ಗಡಗಡ ಆಡಿಸಿದರು. ಐವಿ ಒಂದು ಕಣ್ಣನ್ನು ಅರ್ಧ ಮುಚ್ಚಿತು.

"ಅಯ್ಯೋ ದೇವ್ರೇ," ಎಂದಳು ವಾಂಡಾ. "ನನ್ನ ಎರಡನೇ ಗಂಡ ಚರ್ಚಿನಲ್ಲಿ ಕೂತ್ಕೋತಿದ್ದ ಹಾಗೇ ನಿಂತಿದೆಯಲ್ಲೋ ಸೆಲ್ಮರ್ ಇದು!"

ಮಾವ ನಗಲಿಲ್ಲ. "ಬ್ರಿಟ್ಟಾ," ಎಂದರು. ಗದರಿಕೆಯಲ್ಲ, ಕೇಳಿಕೊಳ್ಳುವ ದನಿ. "ಒಂದೇ ಒಂದು ಸಲ. ಅಜ್ಜನಿಗೋಸ್ಕರ."

ಬ್ರಿಟ್ಟಾ ಅಜ್ಜನನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು, ಅಜ್ಜನಿಗಿಂತ ಹೆಚ್ಚು ಹೊತ್ತು. ನಾನು ಹಗ್ಗ ಹಿಡಿದಿದ್ದೆ, ಕುದುರೆಯ ತಲೆಯನ್ನು ನೇರ ಮಾಡುವುದರಲ್ಲಿ ಮುಳುಗಿದವಳ ಹಾಗೆ ಕಣ್ಣು ಬೇರೆ ಕಡೆ ತಿರುಗಿಸಿದೆ. ಮತ್ತೆ ತಿರುಗಿ ನೋಡುವಷ್ಟರಲ್ಲಿ ಅವಳು ಬೆನ್ನು ಮಾಡಿ ಮನೆಯ ಕಡೆ ನಡೆದಿದ್ದಳು. ಓಡಲಿಲ್ಲ. ಒದ್ದೆ ಹುಲ್ಲಿನಲ್ಲಿ ರಬ್ಬರ್ ಬೂಟು ಎಳೆದುಕೊಂಡು, ತಲೆ ತಗ್ಗಿಸಿ ಹೋಗುತ್ತಿದ್ದಳು.

ಐವಿ ಅದನ್ನು ಕಂಡಿತು. ಕತ್ತು ಎತ್ತಿತು. ಎರಡೂ ಕಿವಿ ನಿಮಿರಿ ಮುಂದಕ್ಕೆ ಬಂದವು. ಎದೆ ಉಬ್ಬಿತು. ಹುಡುಗಿ ಹೋಗುತ್ತಿದ್ದ ದಾರಿಯನ್ನೇ ನೋಡುತ್ತ, ಉಸಿರೂ ಬಿಡದೆ ನಿಂತಿತು.

ಕ್ಯಾಮೆರಾ ಟಕಟಕ ಎಂದಿತು.

"ಸಿಕ್ತು!" ಎಂದಳು ವಾಂಡಾ. ಪುಟ್ಟ ಪರದೆಯ ಮೇಲೆ ನೋಡಿ ಅವಳ ದನಿಯೇ ತಗ್ಗಿತು. "ಸೆಲ್ಮರ್, ಬಾ ಇಲ್ಲಿ. ನೋಡು. ಮೂವತ್ತು ವರ್ಷದಲ್ಲಿ ಇಂಥದ್ದು ನಾನು ನಾಲ್ಕು ತೆಗ್ದಿದ್ರೆ ಹೆಚ್ಚು."

ಮಾವ ಬಗ್ಗಿ ನೋಡಿದರು. ಜೇಬಿನಿಂದ ಕೈ ತೆಗೆದು ಪರದೆಯ ಅಂಚನ್ನು ಮುಟ್ಟಿದರು. ಕೈ ನಡುಗುತ್ತಿರುವುದನ್ನು ಮರೆತಿದ್ದರು.

ಅಡುಗೆಮನೆಯಲ್ಲಿ ಬಟ್ಟೆಗಳ ಗುಂಪುಗಳು ನೆಲದ ಮೇಲೆ ಹಾಗೇ ಬಿದ್ದಿದ್ದವು. ನಾವು ಅವನ್ನು ದಾಟಿಕೊಂಡು ಮೇಜಿಗೆ ಹೋದೆವು. ಬ್ರಿಟ್ಟಾ ಮೆಟ್ಟಿಲ ಮೇಲೆ ಕೂತು ಬೂಟಿನ ಮಣ್ಣನ್ನು ಕಡ್ಡಿಯಲ್ಲಿ ಕೆರೆಯುತ್ತಿದ್ದಳು.

"ಆ ಬಟ್ಟೆ ಮಡಿಸಿಡ್ತೀಯಾ ಕಂದ?" ಎಂದೆ. ಅವಳಿಗೆ ಏನಾದರೂ ಕೆಲಸ ಕೊಡಬೇಕು ಎಂದಷ್ಟೇ ನನ್ನ ತಲೆಯಲ್ಲಿದ್ದದ್ದು. ಹೂಂ ಎಂದಳು.

ಕಾಫಿ ಸುರಿದೆ. ನಿನ್ನೆ ಸುಟ್ಟಿಟ್ಟಿದ್ದ ಲೆಫ್ಸೆ ಎಂಬ ಆಲೂಗಡ್ಡೆ ರೊಟ್ಟಿಗೆ ಬೆಣ್ಣೆ ಸವರಿ, ಸಕ್ಕರೆ ಉದುರಿಸಿ, ಸುರುಳಿ ಸುತ್ತಿ ತಟ್ಟೆಯಲ್ಲಿಟ್ಟೆ. ವಾಂಡಾ ಎರಡು ತಿಂದು ಮೂರನೆಯದಕ್ಕೆ ಕೈಹಾಕಿದಳು. ಗಡಿಯಾರ ಹನ್ನೊಂದು ದಾಟಿತ್ತು.

"ಬೇಗ ಬರಿ ಕೊರಿನ್. ಹನ್ನೆರಡಕ್ಕೆ ಪೋಸ್ಟಿನವನು ಬಾಗಿಲು ಹಾಕ್ಕೊಂಡು ಹೋಗ್ತಾನೆ. ದೇವ್ರೇ ಬಂದು ತಟ್ಟಿದ್ರೂ ತೆಗೆಯಲ್ಲ."

ಅರ್ಜಿ ಒಂದೇ ಪುಟ. ಕುದುರೆಯ ಹೆಸರು ಬರೆದೆ. ತಂದೆ, ತಾಯಿ. ಎಲ್ಲಿ ಮೊದಲು ಬಂದದ್ದು, ಎಷ್ಟು ಮರಿಗಳ ಸಾಲಿನಲ್ಲಿ. ಮಾವ ಎದುರು ಕೂತು ಒಂದೊಂದನ್ನೂ ಹೇಳುತ್ತಿದ್ದರು. ಬಾಯಿಪಾಠವಾಗಿತ್ತು ಅವರಿಗೆ.

"ಬೆಳಿಗ್ಗೆ ಕೆಸೆನಿಕ್ ಮನೆಗೂ ಹೋಗಿದ್ದೆ," ಎಂದಳು ವಾಂಡಾ, ಬೆರಳಿನ ಸಕ್ಕರೆ ನೆಕ್ಕುತ್ತ. "ಅವರ ಗಂಡುಕುದುರೆ ಅರ್ಜಿ ಇತ್ತಲ್ಲ. ಆ ಹುಡುಗಿ ಟ್ರೂಡಿ ಗಾಡಿ ಹತ್ರ ಬಂದು ಕೇಳ್ತಾಳೆ, ಎರಡು ಸಲ ಎರಡನೇದು ಬಂದ್ರೆ ಒಂದು ಸಲ ಮೊದಲು ಬಂದ ಹಾಗೆ ಆಗಲ್ವಾ ಅಂತ. ಪಾಪ. ಇಲ್ಲ ಮಗಳೇ, ಹಾಗೆಲ್ಲ ಕೂಡಕ್ಕಾಗಲ್ಲ ಅಂದೆ. ಸರಿ ಅಂತ ನಕ್ಕು, ನಂಗೆ ಒಂದು ಸೇಬು ಕೊಟ್ಟು ಹೋದ್ಲು."

ಮಾವ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಲೋಟ ಮೇಜಿಗೆ ತಾಗಿ ಸಣ್ಣಗೆ ಸದ್ದು ಮಾಡುತ್ತಿತ್ತು.

"ಹುಟ್ಟಿದ ದಿನ," ಎಂದು ನಾನು ಓದಿದೆ.

ಮಾವ ಕಿಟಕಿಯ ಕಡೆ ನೋಡಿದರು. ಅಲ್ಲಿಂದ ಲಾಯ ಕಾಣುತ್ತದೆ.

"ಜನವರಿ ಒಂದು," ಎಂದರು. "ಬೆಳಿಗ್ಗೆ ಐದು ಗಂಟೆ ಅಂತ ಬೇಕಾದ್ರೆ ಬರಿ."

"ಗಂಟೆ ಕೇಳಿಲ್ಲ ಮಾವ."

"ಸರಿ ಹಾಗಾದ್ರೆ."

ಜನವರಿ ಒಂದು ಎಂದು ಬರೆದೆ. ಅದರ ಕೆಳಗೆ ಒಂದು ಸಾಲು ಅಚ್ಚಾಗಿತ್ತು: ಮೇಲೆ ಬರೆದದ್ದೆಲ್ಲ ನನಗೆ ತಿಳಿದ ಮಟ್ಟಿಗೆ ನಿಜ. ಅದರ ಕೆಳಗೆ ಸಹಿಗೆ ಗೆರೆ. ಮಾವ ಸಹಿ ಮಾಡಲಾರರು ಎಂದು ಆ ವರ್ಷದ ಮೊದಲಿನಿಂದ ಲಾಯದ ಕಾಗದಗಳಲ್ಲಿ ನನ್ನ ಹೆಸರನ್ನೂ ಸೇರಿಸಿದ್ದೆವು. ಸಹಿ ನನ್ನದೇ.

ನಾನು ಬ್ರಿಟ್ಟಾಗೆ ಕೊಟ್ಟ ಕೆಲಸ ಆಗ ನೆನಪಾಯಿತು. ಬೆನ್ನ ಹಿಂದೆ ಬಟ್ಟೆ ಮಡಿಸುವ ಸದ್ದು ನಿಂತುಹೋಗಿತ್ತು.

ಆ ಅರ್ಜಿ ಇವತ್ತಿಗೂ ನನ್ನ ಮೇಜಿನ ಡ್ರಾಯರಿನಲ್ಲಿದೆ, ಮೇಣದಬತ್ತಿ, ದಾರದುಂಡೆಗಳ ಕೆಳಗೆ. ಕೊನೆಯ ಗೆರೆ ಬಿಟ್ಟು ಎಲ್ಲ ತುಂಬಿದೆ. ನಾನೇ ಮನಸ್ಸು ಗಟ್ಟಿಮಾಡಿ ಆ ಗೆರೆಯನ್ನು ಖಾಲಿ ಬಿಟ್ಟೆ ಎಂದು ಹೇಳಿಕೊಳ್ಳುವ ಹಾಗಿಲ್ಲ. ಅಲ್ಲಿ ಪೆನ್ನು ಊರಿದ ನೀಲಿ ಚುಕ್ಕೆಯೊಂದಿದೆ, ನನ್ನ ಹೆಸರಿನ ಮೊದಲ ಅಕ್ಷರ ಶುರುವಾಗುವ ಜಾಗದಲ್ಲಿ. ಆ ದಿನ ವಾಂಡಾಳ ಲಕೋಟೆ ನಮ್ಮ ಅರ್ಜಿ ಇಲ್ಲದೆ ಹೋಯಿತು. ಅದಾದ ಮೇಲೆ ಮಾವ ಯಾರ್ಯಾರಿಗೆ ಫೋನ್ ಮಾಡಿದರು, ನೀಲಿ ರಿಬ್ಬನ್ನುಗಳನ್ನು ಜೇಬಿನಲ್ಲಿಟ್ಟುಕೊಂಡು ಕೆಸೆನಿಕ್ ಮನೆಯ ಅಂಗಳದಲ್ಲಿ ಎಷ್ಟು ಹೊತ್ತು ನಿಂತಿದ್ದರು, ಅದೆಲ್ಲ ಅವರು ಹೇಳಬೇಕಾದದ್ದು. ಐವಿಯ ಫೋಟೋ ಮಾತ್ರ ನಮ್ಮ ಅಡುಗೆಮನೆಯ ಗೋಡೆಯ ಮೇಲಿದೆ. ನೋಡಿದವರೆಲ್ಲ, ಅದು ಅಷ್ಟು ಆಸೆಯಿಂದ ಏನನ್ನು ನೋಡುತ್ತಿದೆ ಎಂದು ಕೇಳುತ್ತಾರೆ.

ಆ ಶನಿವಾರ ನನ್ನ ಪೆನ್ನು ಆ ಗೆರೆಗೆ ತಾಗಿದಾಗ ಬ್ರಿಟ್ಟಾ ಬಂದು ನನ್ನ ಮೊಣಕೈ ಪಕ್ಕ ನಿಂತಳು. ಅಜ್ಜನ ಹತ್ತಿರ ಹೋಗಲಿಲ್ಲ, ವಾಂಡಾಳ ಕಡೆ ನೋಡಲೂ ಇಲ್ಲ. ಅವಳ ಕೈಯಲ್ಲಿ ಹಳದಿ ಸ್ವೆಟರಿತ್ತು. ಮಡಿಕೆ ಬಿಚ್ಚಿ, ಬಲತೋಳನ್ನು ಅರ್ಜಿಯ ಮೇಲೇ ಹರಡಿದಳು, ಕಲೆ ಮೇಲಕ್ಕೆ ಕಾಣುವ ಹಾಗೆ. ಅಂಗೈಯಿಂದ ಅದನ್ನು ಒಂದು ಸಲ ನೇವರಿಸಿದಳು.

"ಅಮ್ಮಾ, ಇದನ್ನ ನೀನು ಹೊಸವರ್ಷದ ಹಿಂದಿನ ದಿನಾನೇ ತೊಳ್ದು ಒಲೆ ಪಕ್ಕ ಹಾಕಿದ್ದೆ. ನಾನು ನೋಡಿದ್ದೆ. ಹಾಗಾದ್ರೆ ನಿಂಗೂ ಅವತ್ತೇ ಗೊತ್ತಿತ್ತಾ?"